ಮಡಿಕೇರಿಯ ಮಹಾದಂಡನಾಯಕರು

1949ರ ಜನವರಿ 15ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದರು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಹೈಕಮಿಷನರಾಗಿದ್ದು, ಬಳಿಕ ಮಡಿಕೇರಿಯ ‘ರೋಶನಾರಾ’ದಲ್ಲಿ ನೆಲಸಿ ಮಾಜಿ ಸೈನಿಕರ ಕ್ಷೇಮಕ್ಕಾಗಿ ದುಡಿದರು.

ವಿಮಾನ ಕಾರ್ಖಾನೆಯ ನೆರೆಯವರಾದ ಮಾರತ್ತಹಳ್ಳಿಯ ನಮಗೆ ವೈಮಾನಿಕರ ಬದುಕಿನ ಅಪಾಯ ಅಪರಿಚಿತವಲ್ಲ. 1965ರ ಸೆಪ್ಟೆಂಬರ್ 22ರಂದು ಕಾರ್ಯಪ್ಪನವರ ವೈಮಾನಿಕ ಪುತ್ರರು ಪಾಕಿಸ್ತಾನದಲ್ಲಿ ಸೆರೆಯಾದರು. ಅವಿಭಜಿತ ಸೇನೆಯಲ್ಲಿ ತಮ್ಮ ಕೈಕೆಳಗಿದ್ದ ಅಧ್ಯಕ್ಷ ಅಯೂಬ್ ಖಾನರು ಬಿಡುಗಡೆಗೆ ಸಿದ್ಧರೆಂದು ತಿಳಿಸಿದರೂ, ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ ಎಂದು ತಂದೆ ಆ ವಿನಾಯಿತಿಯನ್ನು ನಿರಾಕರಿಸಿದ ಸಂಗತಿ ಪ್ರಸಿದ್ಧವಾಗಿದೆ. ಹೆತ್ತ ಕರುಳಿಗೆ ಇದು ಸುಲಭವಾಗಿತ್ತೆಂದು ಯಾರೂ ಭಾವಿಸಲಾಗದು. ಮಗ ಮರಳಿದುದು 1966ರ ಜನವರಿಯಲ್ಲಿ.

1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು, ಮತದಾರರು ಸಿಪಾಯಿಗಳಲ್ಲವಷ್ಟೆ! ಫೀಲ್ಡ್ ಮಾರ್ಷಲ್ ಪದವಿ ಬಂದುದು 1986ರಲ್ಲಿ, ನಿವೃತ್ತರಾಗಿ 33 ವರ್ಷಗಳ ಮೇಲೆ. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು.