ಶ್ರೀಹರಿಕೋಟೆಯ ಗುಡುಗು, ಪೀಣ್ಯದ ಕಿವಿ

ನೆಲಮಂಗಲದಿಂದ ಬೆಂಗಳೂರಿಗೆ ಬಸ್ಸು ಹತ್ತಿದವರಿಗೆ ಪೀಣ್ಯವೆಂದರೆ ಲಾರಿ, ಧೂಳು, ಲೇತ್ ಯಂತ್ರಗಳ ಸದ್ದು, ಸಿಗ್ನಲ್‌ನಲ್ಲಿ ಕಳೆದ ಅರ್ಧ ಗಂಟೆ. ಅದೇ ಕಾರ್ಖಾನೆಗಳ ನಡುವೆ ರಾಕೆಟ್, ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಕೇಂದ್ರ ಇಸ್ಟ್ರಾಕ್ ಇದೆ. ಹೊರಗೆ ನಾವು ಹಸಿರು ದೀಪಕ್ಕೆ ಕಾಯುವಾಗ ಒಳಗೆ ಕುಳಿತವರೂ ಸಿಗ್ನಲ್‌ಗೇ ಕಾಯುತ್ತಿರುತ್ತಾರೆ. ಅದು ಬರುವ ದಾರಿ ಮಾತ್ರ ಬೇರೆ.

ಪೀಣ್ಯಕ್ಕೂ ಆಕಾಶಕ್ಕೂ ನಂಟು ಬೆಳೆದದ್ದು ಭಾರತದ ಮೊದಲ ಉಪಗ್ರಹ ಆರ್ಯಭಟದಿಂದ. ಉಡುಪಿ ಕಡೆಯ ಅದಮಾರಿನಿಂದ ಬಂದ ಯು.ಆರ್. ರಾವ್ ಅವರ ತಂಡ ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲೇ 360 ಕಿಲೋ ತೂಕದ ಆ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೊಯ್ದಿತು. ದತ್ತಾಂಶ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಶೌಚಾಲಯವೊಂದನ್ನೇ ಮಾರ್ಪಡಿಸಿಕೊಂಡ ಸಂಗತಿಯನ್ನು ರಾವ್ ಅವರೇ ನಂತರ ಹೇಳಿಕೊಂಡಿದ್ದರು. ಆಮೇಲೆ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಎತ್ತಿನ ಗಾಡಿ ಹೂಡಿದ ಚಿತ್ರವನ್ನು ಎಲ್ಲರೂ ಬಡತನದ ಗುರುತೆಂದು ನೋಡುತ್ತಾರೆ. ನನಗೆ ಅದು ಜಾಣತನದ ಗುರುತು: ಲೋಹದ ಲಾರಿ ರೇಡಿಯೋ ಅಲೆಗಳನ್ನು ಕೆಡಿಸುತ್ತದೆ, ಮರದ ಗಾಡಿ ಕೆಡಿಸುವುದಿಲ್ಲ.

ರಾಕೆಟ್ ಹಾರುವುದನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ಹೊಡೆಯುತ್ತೇವೆ. ಭೂಮಿ ಗುಂಡಗಿರುವುದರಿಂದ ಕೆಲವೇ ನಿಮಿಷಗಳಲ್ಲಿ ಅದು ಶ್ರೀಹರಿಕೋಟೆಯ ದಿಗಂತದಾಚೆ ಇಳಿಯುತ್ತದೆ. ಎಂಜಿನ್ನಿನ ಒತ್ತಡ, ಉಷ್ಣತೆ, ವೇಗದ ಅಂಕಿಗಳನ್ನು ಅದು ಕಳಿಸುತ್ತಲೇ ಇರುತ್ತದೆ. ಹಿಡಿಯಲು ದಾರಿಯುದ್ದಕ್ಕೂ ಯಾರಾದರೂ ಬೇಕು. ಅದಕ್ಕೇ ಪೋರ್ಟ್ ಬ್ಲೇರ್, ಮಾರಿಷಸ್, ಬ್ರೂನೈ, ಇಂಡೋನೇಷ್ಯಾದ ಬಿಯಾಕ್‌ಗಳಲ್ಲಿ ಆಂಟೆನಾಗಳು. ಒಂದರ ಕೈಯಿಂದ ಜಾರುವ ಮುಂಚೆ ಇನ್ನೊಂದು ಎತ್ತಿಕೊಳ್ಳಬೇಕು. ಹಲವು ಉಪಗ್ರಹಗಳು ಕಕ್ಷೆ ಸೇರಿದ ಮೇಲೆ ಅವುಗಳ ಪಾಲನೆ ಪೀಣ್ಯದ್ದು.

ಮಂಗಳಯಾನದ ವೇಳೆ ಈ ಸರಪಳಿಯ ಒಂದು ಕೊಂಡಿ ಕೈಕೊಟ್ಟಿತ್ತು. ಪಿ.ಎಸ್.ಎಲ್.ವಿ.ಯ ನಾಲ್ಕನೇ ಹಂತ ಉರಿಯಬೇಕಾದದ್ದು ದಕ್ಷಿಣ ಪೆಸಿಫಿಕ್ ಮೇಲೆ. ಅಲ್ಲಿ ಆಂಟೆನಾ ನೆಡಲು ನೆಲವೇ ಇಲ್ಲ. ನಳಂದಾ, ಯಮುನಾ ಎಂಬ ಎರಡು ಹಡಗುಗಳಲ್ಲಿ ಆಂಟೆನಾ ಹೊರಿಸಿ ಕಳಿಸಿದರು. ಹವಾಮಾನ ಕೆಟ್ಟು ಒಂದು ಹಡಗು ತಡವಾಯಿತು. ಶ್ರೀಹರಿಕೋಟೆಯಲ್ಲಿ ಕೆಲಸ ಮುಗಿಯುತ್ತ ಬಂದರೂ ಕೇಳುವವರು ಜಾಗ ಸೇರಿರಲಿಲ್ಲ. ಅಕ್ಟೋಬರ್ 28ಕ್ಕೆಂದಿದ್ದ ಉಡಾವಣೆ 2013ರ ನವೆಂಬರ್ 5ಕ್ಕೆ ಹೋಯಿತು. ಆಂಟೆನಾ ಎಷ್ಟು ಮುಖ್ಯ ಎಂದು ಕೇಳುವ ಮಕ್ಕಳಿಗೆ ನಾನು ಹೇಳುವುದು ಈ ಒಂದೇ ಕಥೆ.

ಚಂದ್ರ, ಮಂಗಳಗಳಷ್ಟು ದೂರದ ಕ್ಷೀಣ ದನಿಗೆ ಪೀಣ್ಯದ ಗದ್ದಲ ಒಗ್ಗದು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳನ್ನು ಆರಿಸಿದ್ದು ಅದರ ಬಟ್ಟಲಿನಂಥ ನೆಲಕ್ಕೆ. ಸುತ್ತಲಿನ ಏರು ಹೊರಗಿನ ರೇಡಿಯೋ ಗಲಾಟೆಯನ್ನು ತಡೆಯುತ್ತದೆ. ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ಡಿಶ್‌ಗಳು ನಿಂತವು. ದೊಡ್ಡದು ದೇಶದಲ್ಲೇ ಆದದ್ದು, ಹೈದರಾಬಾದಿನ ಇ.ಸಿ.ಐ.ಎಲ್., ಮುಂಬಯಿಯ ಭಾಭಾ ಕೇಂದ್ರ ಅದಕ್ಕೆ ಕೈ ಜೋಡಿಸಿದ್ದವು. 2008ರ ಅಕ್ಟೋಬರ್ 17ರಂದು ಕೇಂದ್ರದ ಉದ್ಘಾಟನೆಯಾಯಿತು, ಐದೇ ದಿನಕ್ಕೆ ಚಂದ್ರಯಾನ-1 ಹಾರಿತು. ಹಸೆ ಹಾಕಿದ ಕೂಡಲೇ ದಿಬ್ಬಣ ಬಂದಂತೆ.

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಪೀಣ್ಯದಲ್ಲಿ ಎದ್ದ ಚಪ್ಪಾಳೆ ಎಲ್ಲರಿಗೂ ನೆನಪಿದೆ. ನನಗೆ ಹೆಚ್ಚು ಕಾಡುವುದು 2009ರ ಆಗಸ್ಟ್ 29ರ ನಡುರಾತ್ರಿ. 1.30ಕ್ಕೆ ಚಂದ್ರಯಾನ-1ರ ಸಂಪರ್ಕ ಕಡಿದು ಬ್ಯಾಲಾಳಿನ ಡಿಶ್ ಖಾಲಿ ಆಕಾಶಕ್ಕೆ ಕಿವಿಗೊಟ್ಟು ನಿಂತಿತ್ತು. 2017ರಲ್ಲಿ ಅಮೆರಿಕದ ವಿಜ್ಞಾನಿಗಳು, ಗೋಲ್ಡ್‌ಸ್ಟೋನಿನ 70 ಮೀಟರ್ ಡಿಶ್‌ನಿಂದ ರೇಡಾರ್ ಅಲೆ ಬಿಟ್ಟು ನೋಡಿದಾಗ ಆ ನೌಕೆ ಚಂದ್ರನನ್ನು ಇನ್ನೂ ಸುತ್ತುತ್ತಿರುವುದು ಕಂಡಿತೆಂದು ಪ್ರಕಟಿಸಿದರು.