ಪದ ಪರಿಚಯ: ಹಾಟ್‌ಪ್ಲಗ್

ಹಾಟ್‌ಪ್ಲಗ್ (ನಾಮಪದ, ಕ್ರಿಯಾಪದ). ಇಂಗ್ಲಿಷಿನ ‘ಹಾಟ್’ ಮತ್ತು ‘ಪ್ಲಗ್’ ಸೇರಿ ಆದ ಪದ. ಇಲ್ಲಿ ‘ಹಾಟ್’ ಎಂದರೆ ಬಿಸಿಯಲ್ಲ. ಎಲೆಕ್ಟ್ರಿಷಿಯನ್ನರ ಮಾತಿನಲ್ಲಿ ಕರೆಂಟ್ ಇರುವ ತಂತಿ ‘ಹಾಟ್’. ಕಂಪ್ಯೂಟರನ್ನು ಆಫ್ ಮಾಡದೆಯೇ ಸಾಧನವನ್ನು ಜೋಡಿಸುವುದು, ಕಳಚುವುದು ಹಾಟ್‌ಪ್ಲಗ್.

ಮಾನಿಟರುಗಳ ಲೋಕದಲ್ಲಿ ಹೀಗೆ ಜೋಡಿಸಿದ್ದನ್ನು, ಕಳಚಿದ್ದನ್ನು ಗುರುತಿಸಲು ಒಂದು ಪಿನ್ನೇ ಮೀಸಲು. 1999ರ ಡಿವಿಐ ಕನೆಕ್ಟರಿನಲ್ಲಿ ಅದು 16ನೆಯದು. ಸಾಮಾನ್ಯ ಎಚ್‌ಡಿಎಂಐಯಲ್ಲಿ ಕೊನೆಯ, 19ನೆಯ ಪಿನ್. ಕೇಬಲ್ ಸಿಕ್ಕಿಸಿದಾಗ ಕಂಪ್ಯೂಟರಿನಿಂದ 5 ವೋಲ್ಟ್ ಹೋಗುತ್ತದೆ. ಮಾನಿಟರು ಈ ಪಿನ್ನಿನ ವೋಲ್ಟೇಜ್ ಏರಿಸಿ ಓಗೊಡುತ್ತದೆ. ಗ್ರಾಫಿಕ್ಸ್ ಡ್ರೈವರಿಗೆ ‘ಇಂಟರಪ್ಟ್’ ಎಂಬ ಎಚ್ಚರಿಕೆಯ ಸಂಕೇತ ತಲುಪುತ್ತದೆ. ಡ್ರೈವರು ಮಾನಿಟರಿನ ‘ಇಡಿಐಡಿ’ (ಮಾನಿಟರು ತನ್ನ ಸಾಮರ್ಥ್ಯ ತಿಳಿಸುವ ಮಾಹಿತಿ) ಓದಿ, ಯಾವ ರೆಸಲ್ಯೂಷನ್ ಒಗ್ಗುತ್ತದೆಂದು ತಿಳಿಯುತ್ತದೆ. ಈ ಸುದ್ದಿ ಉಳಿದ ಸಾಫ್ಟ್‌ವೇರಿಗೆ ಮುಟ್ಟುವುದೇ ‘ಹಾಟ್‌ಪ್ಲಗ್ ಈವೆಂಟ್’.

ಹಳೆಯ ವಿಜಿಎಯಲ್ಲಿ ಇಂಥ ಪಿನ್ ಇಲ್ಲ. ಹಾಗಾಗಿ ಮಾನಿಟರು ಇದೆಯೇ ಎಂದು ಡ್ರೈವರೇ ಆಗಾಗ ವಿಚಾರಿಸಬೇಕು. ಲಿನಕ್ಸ್‌ನಲ್ಲಿ ಈ ವಿಚಾರಣೆ 10 ಸೆಕೆಂಡಿಗೊಮ್ಮೆ.

ಬಳಕೆ: ‘ಪ್ರೊಜೆಕ್ಟರನ್ನು ಹಾಟ್‌ಪ್ಲಗ್ ಮಾಡಬಹುದು’, ‘ಹಾಟ್‌ಪ್ಲಗ್ ಈವೆಂಟ್ ಬರಲೇ ಇಲ್ಲ’.

‘ಪ್ಲಗ್ ಅಂಡ್ ಪ್ಲೇ’ ಎಂಬುದು ಬೇರೆ. ಅದು ಸಾಧನವನ್ನು ತಾನಾಗಿ ಗುರುತಿಸಿ ಹೊಂದಿಸಿಕೊಳ್ಳುವ ಗುಣ. ಜೋಡಿಸುವಾಗ ಯಂತ್ರ ಚಾಲೂ ಇರಬೇಕೆಂದಿಲ್ಲ.