ಭೂವೀಕ್ಷಣಾ ಉಪಗ್ರಹ ಯೋಜನೆಗಳಲ್ಲಿ ವಿಶ್ವವಿದ್ಯಾಲಯ ವಿಜ್ಞಾನಿಗಳು

ಭೂಮಿಯ ನೆಲ, ನೀರು, ವಾಯುಮಂಡಲಗಳನ್ನು ಕಕ್ಷೆಯಿಂದ ಅಳೆಯುವ ಉಪಗ್ರಹಗಳಿಗೆ ವೈಜ್ಞಾನಿಕ ಗುರಿಗಳನ್ನು ಗೊತ್ತುಪಡಿಸುವ, ಅಳತೆಗಳನ್ನು ನೆಲಮಟ್ಟದ ವೀಕ್ಷಣೆಗಳೊಂದಿಗೆ ತಾಳೆ ನೋಡುವ ಹಾಗೂ ದತ್ತಾಂಶವನ್ನು ವಿಶ್ಲೇಷಿಸುವ ಅಧ್ಯಾಪಕ-ಸಂಶೋಧಕರು. ಉಪಗ್ರಹವನ್ನು ನಿರ್ಮಿಸಿ ಹಾರಿಸುವುದು ಬಾಹ್ಯಾಕಾಶ ಸಂಸ್ಥೆಯ ಹೊಣೆಯಾದರೂ, ಏನನ್ನು ಅಳೆಯಬೇಕು, ಅಳತೆ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ನಿರ್ಧರಿಸುವಲ್ಲಿ ಇವರ ಪಾಲು ದೊಡ್ಡದು. ಇಂತಹ ಸಂಶೋಧನೆಗೆ ಇಸ್ರೋ ತನ್ನ ರೆಸ್ಪಾಂಡ್ ಕಾರ್ಯಕ್ರಮದ ಮೂಲಕ ಅನುದಾನ ನೀಡುತ್ತದೆ.

ಕರ್ನಾಟಕದಲ್ಲಿ ವಿಶ್ವವಿದ್ಯಾಲಯ ಸಂಶೋಧನೆಗೂ ಉಪಗ್ರಹ ಯೋಜನೆಗಳಿಗೂ ಇರುವ ನಂಟಿನ ಆರಂಭವನ್ನು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ (1932–2017) ಅವರಲ್ಲಿ ಗುರುತಿಸಬಹುದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿ ಮರಳಿದ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ (1975) ರೂಪುಗೊಂಡಿತು. ಅನಂತರದ ಭಾಸ್ಕರ-1 (1979) ಭಾರತದ ಮೊದಲ ಪ್ರಾಯೋಗಿಕ ಭೂವೀಕ್ಷಣಾ ಉಪಗ್ರಹವಾಗಿದ್ದು, ಟೆಲಿವಿಷನ್ ಕ್ಯಾಮೆರಾಗಳನ್ನೂ ನೆಲ-ಸಾಗರಗಳು ಸಹಜವಾಗಿ ಹೊರಸೂಸುವ ಸೂಕ್ಷ್ಮತರಂಗಗಳನ್ನು ಅಳೆಯುವ ರೇಡಿಯೋಮೀಟರನ್ನೂ ಹೊತ್ತಿತ್ತು.

ಈ ಸಹಭಾಗಿತ್ವಕ್ಕೆ ಉಷ್ಣವಲಯದ ಮೋಡ-ಮಳೆಗಳನ್ನು ಗಮನಿಸಲು ರೂಪಿಸಿದ ಭಾರತ-ಫ್ರಾನ್ಸ್ ಜಂಟಿ ಉಪಗ್ರಹ ಮೇಘಾ-ಟ್ರಾಪಿಕ್ಸ್ (2011) ಸ್ಪಷ್ಟ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಹಾಗೂ ಸಾಗರ ವಿಜ್ಞಾನಿಗಳು ಇದರಲ್ಲಿ ಪಾಲ್ಗೊಂಡಿದ್ದರು. ಧ್ರುವಗಳ ಮೇಲೆ ಹಾಯುವ ಕಕ್ಷೆಯಿಂದ ಉಷ್ಣವಲಯದ ಒಂದೇ ಸ್ಥಳವನ್ನು ದಿನಕ್ಕೆ ಹಲವು ಬಾರಿ ಕಾಣಲಾಗದು. ಆದರೆ ಮುಂಗಾರಿನ ಮೋಡಗಳು ಕೆಲವೇ ಗಂಟೆಗಳಲ್ಲಿ ಬೆಳೆದು ಕರಗುತ್ತವೆ. ಆದ್ದರಿಂದ ಸಮಭಾಜಕ ವೃತ್ತಕ್ಕೆ ಕೇವಲ 20 ಡಿಗ್ರಿ ಓರೆಯಾದ, ಸುಮಾರು 867 ಕಿ.ಮೀ. ಎತ್ತರದ ಕಕ್ಷೆಯನ್ನು ಆರಿಸಲಾಯಿತು. ಉಪಗ್ರಹದಲ್ಲಿದ್ದ, ಮಳೆ ಅಳೆಯುವ ಮದ್ರಾಸ್ ಎಂಬ ಉಪಕರಣ 2013ರಲ್ಲಿ ಕೆಟ್ಟರೂ, ವಾಯುಮಂಡಲದ ವಿವಿಧ ಸ್ತರಗಳ ತೇವಾಂಶವನ್ನು ತಿಳಿಸುವ ಸಫೀರ್ ಉಪಕರಣದ ದತ್ತಾಂಶ ಹವಾಮಾನ ಮುನ್ಸೂಚನೆಯ ಗಣಕ ಮಾದರಿಗಳಲ್ಲಿ ಬಳಕೆಯಾಯಿತು. 2023ರ ಮಾರ್ಚ್ 7ರಂದು ಇಸ್ರೋ ಉಪಗ್ರಹವನ್ನು ನಿಯಂತ್ರಿತವಾಗಿ ಪೆಸಿಫಿಕ್ ಸಾಗರದತ್ತ ಇಳಿಸಿತು.